ಆ್ಯಪ್ ಟ್ಯಾಕ್ಸಿ ಅಪಘಾತ: ಗಾಯಾಳುವಿಗೆ ಉತ್ತರದಾಯಿ ಯಾರು?

ಮೊಬೈಲ್ ಆ್ಯಪ್ ಮೂಲಕ ಟ್ಯಾಕ್ಸಿ ಕರೆಸಿಕೊಳ್ಳುವ ವ್ಯವಸ್ಥೆ ಕರ್ನಾಟಕದ ವಾಣಿಜ್ಯ ಜೀವನದಲ್ಲಿ ಬೇರೂರಿ ದಶಕವೇ ಕಳೆದಿದೆ. ಓಲಾ 2010ರಲ್ಲಿ ಆರಂಭವಾಯಿತು. ಊಬರ್ 2013ರಲ್ಲಿ ಬೆಂಗಳೂರಿನ ಮೂಲಕ ಭಾರತವನ್ನು ಪ್ರವೇಶಿಸಿತು. ಇಂದು ಸಗಟು ವ್ಯಾಪಾರಿಯಿಂದ ಮೊದಲ್ಗೊಂಡು ಕಾರ್ಖಾನೆಯ ಮಾರಾಟ ಪ್ರತಿನಿಧಿಯವರೆಗೆ ಎಲ್ಲರೂ ಈ ವಾಹನಗಳನ್ನು ಅವಲಂಬಿಸಿದ್ದಾರೆ. ಆದರೆ ಪ್ರಯಾಣದ ನಡುವೆ ಅಪಘಾತವಾಗಿ ಪ್ರಯಾಣಿಕ ಗಾಯಗೊಂಡರೆ ಪರಿಹಾರ ನೀಡಬೇಕಾದವರು ಯಾರು ಎಂಬ ಪ್ರಶ್ನೆಗೆ ಸರಳವಾದ ಉತ್ತರ ಇನ್ನೂ ದೊರೆತಿಲ್ಲ. ಚಾಲಕ ಮಾಲೀಕನನ್ನು ತೋರಿಸುತ್ತಾನೆ, ಮಾಲೀಕ ವಿಮಾ ಕಂಪನಿಯನ್ನು ತೋರಿಸುತ್ತಾನೆ, ವಿಮಾ ಕಂಪನಿ ಪಾಲಿಸಿಯ ಷರತ್ತುಗಳನ್ನು ಮುಂದಿಡುತ್ತದೆ. ಬಾಡಿಗೆಯನ್ನು ನಿಗದಿಪಡಿಸಿದ ಆ್ಯಪ್ ಸಂಸ್ಥೆ ಮಾತ್ರ ತಾನು ಕೇವಲ ಮಧ್ಯವರ್ತಿ ಎಂದು ದೂರ ಸರಿಯುತ್ತದೆ.

ಪ್ರಚಲಿತ ಕಾನೂನಿನ ಪ್ರಕಾರ ಗಾಯಾಳು 1988ರ ಮೋಟಾರು ವಾಹನ ಕಾಯಿದೆಯ 166ನೇ ಕಲಮಿನಡಿ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಸಲ್ಲಿಸಬೇಕು. ಅಪಘಾತ ನಡೆದ ಊರಿನಲ್ಲಿಯೇ ದಾವೆ ಹೂಡಬೇಕೆಂಬ ನಿರ್ಬಂಧವಿಲ್ಲ. ತಾನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ನ್ಯಾಯಮಂಡಳಿಯನ್ನೂ ಆತ ಆರಿಸಿಕೊಳ್ಳಬಹುದು. ಚಾಲಕನ ನಿರ್ಲಕ್ಷ್ಯ ಸಾಬೀತಾದರೆ ಹೊಣೆ ಮಾಲೀಕನ ಮೇಲೂ, ಪಾಲಿಸಿ ಊರ್ಜಿತವಾಗಿದ್ದಲ್ಲಿ ವಿಮಾ ಕಂಪನಿಯ ಮೇಲೂ ಬೀಳುತ್ತದೆ. ಇದಲ್ಲದೆ 164ನೇ ಕಲಮಿನಡಿ ಯಾರ ತಪ್ಪನ್ನೂ ಸಾಬೀತುಪಡಿಸದೆ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಮತ್ತು ಮರಣಕ್ಕೆ 5 ಲಕ್ಷ ರೂಪಾಯಿ ಪಡೆಯಲು ಅವಕಾಶವಿದೆ. ಆದರೆ ಈ ನಿಗದಿತ ಮೊತ್ತವನ್ನು ಸ್ವೀಕರಿಸಿದರೆ 166ನೇ ಕಲಮಿನ ಅರ್ಜಿ ರದ್ದಾಗುತ್ತದೆ ಎಂಬುದನ್ನು ಮರೆಯಬಾರದು. ಕೈಗೆ ಬೇಗ ಬರುವ ಹಣದ ಆಸೆಯಿಂದ ದೊಡ್ಡ ಹಕ್ಕನ್ನು ಬಿಟ್ಟುಕೊಡುವ ಅಪಾಯ ಇಲ್ಲಿದೆ.

ಪಾಲಿಸಿ ಸರಿಯಾಗಿದ್ದಾಗ ಈ ಏರ್ಪಾಡು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ತೊಡಕು ಹುಟ್ಟುವುದು ಪಾಲಿಸಿಯ ಅವಧಿ ಮುಗಿದಿರುವಾಗ, ಅಥವಾ ಸ್ವಂತ ಬಳಕೆಗೆಂದು ನೋಂದಾಯಿಸಿದ ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಓಡಿಸಿದಾಗ. ಚಾಲನಾ ಪರವಾನಗಿಯ ದೋಷವೊಂದರಿಂದಲೇ ವಿಮಾ ಕಂಪನಿ ಮೂರನೇ ವ್ಯಕ್ತಿಯ ಹಕ್ಕನ್ನು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಲಘು ವಾಹನದ ಪರವಾನಗಿ ಇರುವವರು 7,500 ಕಿಲೋಗ್ರಾಂ ಮಿತಿಯೊಳಗಿನ ಸಾರಿಗೆ ವಾಹನಗಳನ್ನೂ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೇ ತೀರ್ಮಾನಿಸಿದ್ದರಿಂದ ಒಂದು ಹಳೆಯ ತಕರಾರು ಬಹುಮಟ್ಟಿಗೆ ಕೊನೆಗೊಂಡಿದೆ. ಆದರೆ ವಾಹನಕ್ಕೆ ರಹದಾರಿಯೇ ಇಲ್ಲದಿರುವುದು ಮೂಲಭೂತ ಉಲ್ಲಂಘನೆ ಎಂದು ಅದೇ ನ್ಯಾಯಾಲಯ 2018ರಲ್ಲಿ ಹೇಳಿದೆ. ಪಾಲಿಸಿಯೇ ಇಲ್ಲದಾಗಲಂತೂ ಗಾಯಾಳುವಿಗೆ ಉಳಿಯುವವನು ವಾಹನದ ಮಾಲೀಕನೊಬ್ಬನೇ. ಆತ ಸಾಲದ ಕಂತು ಕಟ್ಟುತ್ತ ದಿನದ ದುಡಿಮೆಯಿಂದ ಬದುಕುವವನಾಗಿದ್ದರೆ ನ್ಯಾಯಮಂಡಳಿಯ ಆದೇಶ ಕಾಗದದ ಮೇಲಷ್ಟೇ ಉಳಿಯುತ್ತದೆ.

ಆ್ಯಪ್ ಸಂಸ್ಥೆಗಳ ವಾದಕ್ಕೆ ಕಾನೂನಿನ ಆಸರೆ ಇಲ್ಲವೆನ್ನಲಾಗದು. 2019ರ ತಿದ್ದುಪಡಿ ಕಾಯಿದೆಯು ಅಗ್ರಿಗೇಟರ್ ಎಂಬ ಪದಕ್ಕೆ ಪ್ರಯಾಣಿಕನನ್ನೂ ಚಾಲಕನನ್ನೂ ಸಂಪರ್ಕಿಸುವ ಡಿಜಿಟಲ್ ಮಧ್ಯವರ್ತಿ ಎಂದೇ ಅರ್ಥ ನೀಡಿದೆ. ಜೊತೆಗೆ 93ನೇ ಕಲಮಿನಡಿ ಅವು ಲೈಸೆನ್ಸ್ ಪಡೆಯುವುದನ್ನು ಕಡ್ಡಾಯಗೊಳಿಸಿದೆ. ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿಗಳು ಚಾಲಕರಿಗೆ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಆರೋಗ್ಯ ವಿಮೆಯನ್ನೂ 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಅವಧಿ ವಿಮೆಯನ್ನೂ ಸೂಚಿಸಿದವು. ದಿನಕ್ಕೆ 12 ಗಂಟೆಗಿಂತ ಹೆಚ್ಚು ಕಾಲ ಚಾಲಕ ದುಡಿಯದಂತೆ ನೋಡಿಕೊಳ್ಳುವ ಹೊಣೆಯನ್ನೂ ಸಂಸ್ಥೆಗಳಿಗೆ ವಹಿಸಿದವು.

ಮಧ್ಯವರ್ತಿ ಎಂಬ ಹೆಸರಿಗೂ ವ್ಯವಹಾರದ ವಾಸ್ತವಕ್ಕೂ ಇರುವ ಅಂತರ ಇಲ್ಲಿಯೇ ಕಾಣುತ್ತದೆ. ಯಾವ ಪ್ರಯಾಣಿಕನಿಗೆ ಯಾವ ವಾಹನ, ಯಾವ ದಾರಿ, ಎಷ್ಟು ಬಾಡಿಗೆ ಎಂಬುದನ್ನು ಸೂಚಿಸುವುದು ಆ್ಯಪ್. ಕಮಿಷನ್ ರೂಪದಲ್ಲಾಗಲಿ ದಿನದ ಚಂದಾ ರೂಪದಲ್ಲಾಗಲಿ ಲಾಭ ಪಡೆಯುವುದೂ ಅದೇ. ಒಲ್ಲದ ಚಾಲಕನನ್ನು ಒಂದು ಕ್ಷಣದಲ್ಲಿ ಹೊರಗಿಡುವ ಅಧಿಕಾರವೂ ಅದರದ್ದೇ. ಮಂಡಿಯ ದಲ್ಲಾಳಿಗೆ ಇಷ್ಟೊಂದು ಹಿಡಿತ ಎಂದೂ ಇದ್ದುದಿಲ್ಲ.

ಹಿಡಿತವಿದ್ದಲ್ಲಿ ಹೊಣೆಯೂ ಇರಬೇಕೆಂಬುದು ನ್ಯಾಯಾಲಯಗಳಿಗೆ ಹೊಸ ತತ್ತ್ವವಲ್ಲ. ರಾಜಸ್ಥಾನ ರಾಜ್ಯ ರಸ್ತೆ ಸಾರಿಗೆ ನಿಗಮವು ಖಾಸಗಿ ಮಾಲೀಕರಿಂದ ಬಾಡಿಗೆಗೆ ಪಡೆದು ಓಡಿಸುತ್ತಿದ್ದ ಬಸ್ಸು ಅಪಘಾತಕ್ಕೀಡಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ನೀಡಿದ ತೀರ್ಪು ಇದಕ್ಕೆ ಸಾಕ್ಷಿ. ಬಸ್ಸು ನಿಗಮದ್ದಲ್ಲ, ಚಾಲಕನೂ ನಿಗಮದ ನೌಕರನಲ್ಲ. ಆದರೂ ವಾಹನದ ಮೇಲೆ ಪರಿಣಾಮಕಾರಿ ನಿಯಂತ್ರಣ ಹೊಂದಿದ್ದ ನಿಗಮವೇ ಆ ಮಟ್ಟಿಗೆ ಮಾಲೀಕನೆಂದು ನ್ಯಾಯಾಲಯ ಪರಿಗಣಿಸಿತು. ಸರ್ಕಾರಿ ನಿಗಮಕ್ಕೆ ಅನ್ವಯಿಸಿದ ಈ ಅಳತೆಗೋಲನ್ನು ಆ್ಯಪ್ ಸಂಸ್ಥೆಗಳಿಗೆ ಅನ್ವಯಿಸುವುದರಲ್ಲಿ ಅನ್ಯಾಯವೇನೂ ಇಲ್ಲ.

ಇದರಿಂದ ಬಾಡಿಗೆ ಏರುತ್ತದೆ, ಹೊಸ ಉದ್ಯಮಕ್ಕೆ ಹೊರೆಯಾಗುತ್ತದೆ ಎಂಬ ಆಕ್ಷೇಪವಿದೆ. ಉದ್ಯಮದ ಹಿತ ಬಯಸುವವರು ಈ ಆಕ್ಷೇಪವನ್ನು ತೂಗಿ ನೋಡಲೇಬೇಕು. ಆದರೆ ಯಾವ ವಾಹನದ ಪಾಲಿಸಿ ಯಾವ ದಿನ ಮುಗಿಯುತ್ತದೆ ಎಂಬ ದಾಖಲೆಯನ್ನು ಗಣಕಯಂತ್ರದಲ್ಲಿ ಇರಿಸಿಕೊಂಡು, ಮುಗಿದ ದಿನದಿಂದಲೇ ಆ ವಾಹನಕ್ಕೆ ಬಾಡಿಗೆ ನೀಡದಿರುವುದು ಸಂಸ್ಥೆಗೆ ಅತ್ಯಲ್ಪ ವೆಚ್ಚದ ಕೆಲಸ. ಅದೇ ಸಂಗತಿಯನ್ನು ರಾತ್ರಿ ಹತ್ತು ಗಂಟೆಗೆ ರಸ್ತೆಬದಿಯಲ್ಲಿ ಕಾರು ಹತ್ತುವ ಪ್ರಯಾಣಿಕ ಪರಿಶೀಲಿಸುವುದು ಅಸಾಧ್ಯ. ಅಪಾಯವನ್ನು ಕಡಿಮೆ ಖರ್ಚಿನಲ್ಲಿ ತಡೆಯಬಲ್ಲವನೇ ಅದರ ಹೊಣೆ ಹೊರುವುದು ವ್ಯಾಪಾರದ ದೃಷ್ಟಿಯಿಂದಲೂ ಸರಿಯಾದ ಲೆಕ್ಕ.

ಕಾನೂನು ಸ್ಪಷ್ಟವಾಗುವವರೆಗೆ ವ್ಯಾಪಾರಿಗಳು ತಮ್ಮ ಕಡೆಯ ಸಿದ್ಧತೆಯನ್ನು ಮಾಡಿಕೊಳ್ಳಬೇಕಾಗಿದೆ. ಗಾಯಾಳುವಿನ ಪರಿಹಾರವನ್ನು ಲೆಕ್ಕ ಹಾಕುವ ಬಗೆಯನ್ನು 2010ರ ರಾಜ್‌ಕುಮಾರ್ ಪ್ರಕರಣದ ತೀರ್ಪು ವಿವರಿಸಿದೆ. ವೈದ್ಯರು ಹೇಳುವ ಅಂಗವೈಕಲ್ಯದ ಪ್ರಮಾಣಕ್ಕಿಂತ, ಆ ಊನದಿಂದ ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿತು ಎಂಬುದೇ ಅಲ್ಲಿ ಮುಖ್ಯ. ಎಡಗೈ ಕಳೆದುಕೊಂಡ ಬಡಗಿಯ ನಷ್ಟವೂ ಸರ್ಕಾರಿ ಗುಮಾಸ್ತನ ನಷ್ಟವೂ ಒಂದೇ ಅಲ್ಲ.

ಉದಾಹರಣೆಗೆ, 38 ವರ್ಷ ವಯಸ್ಸಿನ ಬಟ್ಟೆ ವ್ಯಾಪಾರಿಯೊಬ್ಬರ ಗಳಿಕೆಯ ಸಾಮರ್ಥ್ಯ ಶೇಕಡಾ 25ರಷ್ಟು ಕುಗ್ಗಿತೆಂದು ಭಾವಿಸೋಣ. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಆ ವಯಸ್ಸಿಗೆ ಗುಣಕ 15. ವಾರ್ಷಿಕ ವರಮಾನ 4,80,000 ರೂಪಾಯಿ ಎಂದು ಆದಾಯ ತೆರಿಗೆ ವಿವರಪಟ್ಟಿಗಳಿಂದ ಸಾಬೀತಾದರೆ, ಈ ಒಂದು ಬಾಬಿನಲ್ಲಿಯೇ 18,00,000 ರೂಪಾಯಿ ದೊರೆಯುತ್ತದೆ. ದಾಖಲೆಯಿಲ್ಲದೆ ನ್ಯಾಯಮಂಡಳಿಯು ತಿಂಗಳಿಗೆ 15,000 ರೂಪಾಯಿಯ ಕಾಲ್ಪನಿಕ ವರಮಾನ ಹಿಡಿದರೆ ಸಿಗುವುದು 6,75,000 ರೂಪಾಯಿ ಮಾತ್ರ. ತೆರಿಗೆ ಉಳಿಸಲೆಂದು ವರಮಾನ ಮರೆಮಾಚಿದವರು ಅಪಘಾತದ ದಿನ ಅದಕ್ಕೆ ಬಡ್ಡಿ ಸಮೇತ ಬೆಲೆ ತೆರುತ್ತಾರೆ.

ಕಾಲಮಿತಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. 2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಅದರ ಸಿಂಧುತ್ವ ಪ್ರಶ್ನಿತವಾಗಿ, ಈ ಕಾರಣಕ್ಕಾಗಿ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕಾಲ ತಳ್ಳುವುದು ಜಾಣತನವಲ್ಲ. ಪ್ರಯಾಣದ ಬಿಲ್ಲು, ವಾಹನದ ಸಂಖ್ಯೆ, ಚಾಲಕನ ಹೆಸರು ಇವುಗಳನ್ನು ಆ್ಯಪ್‌ನಿಂದ ಅಂದೇ ತೆಗೆದಿರಿಸಿಕೊಂಡು, ಎಫ್‌ಐಆರ್ ಪ್ರತಿಯನ್ನೂ ಆಸ್ಪತ್ರೆಯ ಬಿಲ್ಲುಗಳನ್ನೂ ಜೋಪಾನ ಮಾಡಬೇಕು.

ಸಾರಿಗೆ ಲೈಸೆನ್ಸಿನ ಷರತ್ತುಗಳನ್ನು ವಿಧಿಸುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲಿದೆ. ಪಾಲಿಸಿ ಇಲ್ಲದ ವಾಹನಕ್ಕೆ ಬಾಡಿಗೆ ನೀಡಿದ ಸಂಸ್ಥೆಯೇ ಗಾಯಾಳುವಿಗೆ ಮೊದಲು ಹಣ ತೆತ್ತು, ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಪ್ರಯಾಣದ ಪೂರ್ಣ ದಾಖಲೆಯನ್ನು ಗಾಯಾಳುವಿಗೆ ನಿಗದಿತ ಅವಧಿಯಲ್ಲಿ ಒದಗಿಸಬೇಕು. ಈ ಎರಡು ಷರತ್ತುಗಳನ್ನು ಸರ್ಕಾರ ಸೇರಿಸುವುದು ಯುಕ್ತ. ಅಲ್ಲಿಯವರೆಗೆ, ನೌಕರರ ಓಡಾಟಕ್ಕಾಗಿ ಈ ಸಂಸ್ಥೆಗಳೊಡನೆ ಕರಾರು ಮಾಡಿಕೊಳ್ಳುವ ಕಂಪನಿಗಳು ಇವೇ ಷರತ್ತುಗಳನ್ನು ಕರಾರಿನಲ್ಲಿ ಬರೆಸಿಕೊಳ್ಳಲಿ. ಗ್ರಾಹಕನ ಸುರಕ್ಷತೆಯ ಹೊಣೆ ಹೊತ್ತ ಉದ್ಯಮವೇ ಕಾಲಾಂತರದಲ್ಲಿ ಗ್ರಾಹಕನ ವಿಶ್ವಾಸವನ್ನೂ ಉಳಿಸಿಕೊಳ್ಳುತ್ತದೆ.