ಎಂಟು ತೋಟಾ, ನಾಲ್ಕು ತೋಟಾ, ಒಂದು ಸೂಜಿ

ಪೀಣ್ಯ ಎರಡನೇ ಹಂತದ ನಮ್ಮ ಟೂಲ್‌ರೂಮಿನ ಹುಡುಗರಿಗೆ ಈಗ ಕೋವಿಯ ಹುಚ್ಚು ಹತ್ತಿದೆ. ಟೀ ಬಿಡುವಿನಲ್ಲಿ ಮೊಬೈಲ್ ತೆಗೆದರೆ ಅಮೆರಿಕದ ದಪ್ಪ ನಳಿಗೆಯ ಲಿವರ್ ರೈಫಲ್‌ಗಳು. ಮಾರ್ಲಿನ್ನಿಗೆ ಎಷ್ಟು ತೋಟಾ, ವಿಂಚೆಸ್ಟರಿಗೆ ಎಷ್ಟು ಅಂತ ವಾದ. ಎಲ್ಲಾದರೂ ಸಿಸಿ ಕ್ಯಾಮೆರಾದಲ್ಲಿ ಚಿರತೆ ಕಂಡ ಸುದ್ದಿ ಬಂತೋ, 'ಇಂಥದ್ದೊಂದು ಇದ್ದಿದ್ದರೆ ಎರಡೇ ನಿಮಿಷದ ಕೆಲಸ ಸಾರ್' ಅನ್ನುತ್ತಾರೆ.

ಕಬ್ಬಿಣ ಕೊರೆದೇ ತಲೆ ನರೆತ ನನಗೂ ಆ ಯಂತ್ರದ ಮೇಲೆ ಪ್ರೀತಿಯಿದೆ. ಟ್ರಿಗರ್ ಸುತ್ತಲಿನ ಬಳೆಯನ್ನು ಕೆಳಕ್ಕೆಳೆದರೆ ಖಾಲಿ ತೋಟಾ ಹೊರಕ್ಕೆ ಹಾರುತ್ತದೆ, ಮೇಲಕ್ಕೆ ತಂದರೆ ಹೊಸದು ಒಳಗೆ ಕೂರುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ 1886ರ ವಿಂಚೆಸ್ಟರ್‌ನಲ್ಲಿ ನಳಿಗೆಯ ಕೆಳಗೆ ಅಷ್ಟೇ ಉದ್ದದ ಕೊಳವೆ; .45-70 ತೋಟಾ ಎಂಟು ಹಿಡಿಯುತ್ತದೆ. ಆದರೆ ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಬೆನ್ನಿಗೆ ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಕೋವಿಯ ಒದೆತಕ್ಕೆ ಒಳಗೇ ಸಿಡಿದೀತು ಅಂತ ಚಪ್ಪಟೆ ಮೂತಿಯ ಗುಂಡನ್ನೇ ಹಾಕಬೇಕು. ಅದೇ ಬ್ರೌನಿಂಗ್ 1895ರಲ್ಲಿ ಕೊಳವೆ ಕಿತ್ತುಹಾಕಿ ಹೊಟ್ಟೆಯ ಕೆಳಗೆ ಪೆಟ್ಟಿಗೆ ಕೂರಿಸಿದ. ತೋಟಾ ಒಂದರ ಮೇಲೊಂದು ಮಲಗಿದವು, ಮೂತಿಯ ಚಿಂತೆ ತಪ್ಪಿತು. ಬೆಲೆಯೇನು ಅಂದರೆ, .405ರಲ್ಲಿ ಹಿಡಿಯುವುದು ನಾಲ್ಕೇ. ಹುಡುಗರು ಕುಣಿದಾಡುವ ಮಾರ್ಲಿನ್ 1895ಕ್ಕೂ ಇದಕ್ಕೂ ಇಸವಿ ಬಿಟ್ಟರೆ ನಂಟಿಲ್ಲ. ಅದು ಕೊಳವೆಯದೇ, ಈಗಿನ ಎಸ್‌ಬಿಎಲ್ ಮಾದರಿಯಲ್ಲಿ ಆರು.

ಆ ನಾಲ್ಕು ತೋಟಾದ .405 ವಿಂಚೆಸ್ಟರ್ ನಮ್ಮ ಬೆಂಗಳೂರಿನಲ್ಲೇ ಇತ್ತು. ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಬೇಟೆಯಾಡಿ, ಆ ಕತೆಗಳನ್ನು ಬರೆದ ಕೆನೆತ್ ಆಂಡರ್ಸನ್‌ನ ಕೋವಿ ಅದು. ಅವನ ಕತೆಗಳ ಜವಳಗೆರೆ, ಗುಮ್ಮಳಾಪುರಗಳೆಲ್ಲ ಇವತ್ತಿನ ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ದಾಟಿದರೆ ಸಿಗುವ ಊರುಗಳು. ಜಾಲಹಳ್ಳಿಯ ಚಿರತೆಯ ಕತೆಯನ್ನಂತೂ ತೇಜಸ್ವಿ 'ಜಾಲಹಳ್ಳಿಯ ಕುರ್ಕ' ಅಂತ ಕನ್ನಡಕ್ಕೆ ತಂದರು. ಆ ಜಾಲಹಳ್ಳಿ ನಮ್ಮ ಶೆಡ್ಡಿನಿಂದ ಕೂಗಳತೆ. ಆಂಡರ್ಸನ್‌ನನ್ನು ಓದಿದವರಿಗೆ ಗೊತ್ತು, ಪುಟಗಟ್ಟಲೆ ಕಾಯುವುದು, ಹೆಜ್ಜೆ ನೋಡುವುದು, ಊರವರನ್ನು ವಿಚಾರಿಸುವುದೇ ಇರುತ್ತದೆ. ಮೊದಲ ಈಡು ತಪ್ಪಿದ ಮೇಲೆ ಕೋವಿಯಲ್ಲಿ ಉಳಿದದ್ದು ಮೂರೋ ಏಳೋ ಅನ್ನುವುದು ಪೊದೆಯೊಳಗಿನ ಗಾಯಗೊಂಡ ಚಿರತೆಗೆ ಲೆಕ್ಕಕ್ಕಿಲ್ಲ.

ಇವತ್ತಿನ ಲೆಕ್ಕವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚಿರತೆ ಮೊದಲ ಪಟ್ಟಿಯ ಪ್ರಾಣಿ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶವಿಲ್ಲದೆ ಬೇಟೆಯ ಮಾತೇ ಇಲ್ಲ. ಕಾಯ್ದೆ ಹಾಗಿರಲಿ, ನಮ್ಮ ಓಣಿಗಳನ್ನು ನೋಡಿ. ಚಿರತೆಗೆ ತಪ್ಪಿದ .405 ಗುಂಡು ಎದುರಿನ ಪಿಜಿಯ ಕಿಟಕಿ ಹುಡುಕಿಕೊಂಡು ಹೋಗುತ್ತದೆ.

ಇಲ್ಲಿ ಕೆಲಸಕ್ಕೆ ಬರುವುದು ಅರಿವಳಿಕೆ ಕೋವಿ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸೂಜಿ. ಪ್ರಾಣಿಯ ತೂಕ ಕಣ್ಣಳತೆಯಲ್ಲೇ ಅಂದಾಜಿಸಿ ಮದ್ದು ತುಂಬಬೇಕು, ಹತ್ತಿರ ಹೋಗಬೇಕು, ತಗುಲಿದ ಮೇಲೂ ಅದು ಮಲಗುವ ತನಕ ಕಾಯಬೇಕು. ಬೆದರಿದ ಚಿರತೆ ಬೇಗ ಮಲಗುವುದಿಲ್ಲ. ಅದನ್ನು ಬೆದರಿಸುವುದು ಯಾರು? ಮೊಬೈಲ್ ಎತ್ತಿಕೊಂಡು ಕಾಂಪೌಂಡ್ ಹತ್ತುವ ನಾವೇ.

2016ರ ಫೆಬ್ರುವರಿ 7ರಂದು ವೈಟ್‌ಫೀಲ್ಡ್ ಕಡೆಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಪುಣ್ಯಕ್ಕೆ ಭಾನುವಾರ. ಆದರೂ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಸೇರಿ ಹಲವರಿಗೆ ಗಾಯವಾಯಿತು. ಕೊನೆಗೆ ಅದನ್ನು ಜೀವಂತ ಹಿಡಿದು ಬನ್ನೇರುಘಟ್ಟಕ್ಕೆ ಸಾಗಿಸಿದರು. 2023ರ ನವೆಂಬರ್ 1ರಂದು ಕೂಡ್ಲು ಕಡೆ ಹಾಗಾಗಲಿಲ್ಲ. ಹಿಡಿಯಲು ಹೋದವರ ಮೇಲೆ ಎರಗಿತು, ಗುಂಡು ಹಾರಿತು, ಚಿರತೆ ಸತ್ತಿತು.

ಸರ್ಕಾರವನ್ನು ನಾನು ಕೇಳುವುದು ದೊಡ್ಡ ಮ್ಯಾಗಜಿನ್ ಅಲ್ಲ. ನಗರದ ಅಂಚಿನ ಪ್ರತಿ ವಲಯಕ್ಕೂ ಸೂಜಿ ಹೊಡೆಯಲು ಕಲಿತ ಪಶುವೈದ್ಯರು ಬೇಕು. ಚಿರತೆ ಕಂಡ ಮೊದಲ ಗಂಟೆಯಲ್ಲೇ ಪೊಲೀಸರು ರಸ್ತೆ ಮುಚ್ಚಬೇಕು. ಹೊಸ ವರ್ಷದ ರಾತ್ರಿ ಎಂ.ಜಿ. ರಸ್ತೆಗೆ ಸಾಲುಗಟ್ಟಿ ಬರುವ ಬ್ಯಾರಿಕೇಡ್‌ಗಳು ಕೂಡ್ಲಿಗೆ ಯಾಕೆ ಬರಬಾರದು? ಕೈಗಾರಿಕಾ ಸಂಘದವರೂ ಒಂದು ಕೆಲಸ ಮಾಡಲಿ: ಪ್ರತಿ ಶೆಡ್ಡಿನ ವಾಚ್‌ಮನ್ ಗೂಡಿನಲ್ಲಿ ಅರಣ್ಯ ಇಲಾಖೆಯ 1926 ನಂಬರ್ ಅಂಟಿಸಿ, ಕ್ಯಾಮೆರಾದ ತುಣುಕು ವಾಟ್ಸಾಪ್ ಗುಂಪಿಗೆ ಹೋಗುವ ಮುಂಚೆ ಅಲ್ಲಿಗೆ ಫೋನ್ ಹೋಗಲಿ.