ಅಂಗಿಯ ಜೇಬು, ಗಾಡಿಯ ಚೀಲ

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ಮೋಟಾರುಗಳು ತಲಪಾಡಿಯಲ್ಲಿ ಗಡಿ ದಾಟುತ್ತವೆ. ಅಂತಹ ದಾರಿಯಲ್ಲಿ ಪೋಲೀಸರು ಕೈಯಡ್ಡ ಹಿಡಿದರೆ ನಿರಪರಾಧಿಯ ಎದೆಯೂ ಒಮ್ಮೆ ಅಳುಕುವುದುಂಟು. ಗಾಡಿಯನ್ನು ಶೋಧಿಸಲು ಅವರಿಗಿರುವ ಅಧಿಕಾರವೆಷ್ಟು?

1985ರ ಮಾದಕ ವಸ್ತುಗಳ ಕಾನೂನಿನ 49ನೆಯ ವಿಧಿಯಂತೆ ಅಧಿಕಾರಿಗೆ ಸಂದೇಹಪಡಲು ಕಾರಣವಿರಬೇಕು. ಬರಿಯ ಮನಸ್ಸಿನ ಲಹರಿ ಸಾಲದು. ಮೈಯನ್ನು ಶೋಧಿಸುವುದಾದರೆ ಇನ್ನೊಂದು ಕಟ್ಟುಪಾಡೂ ಉಂಟು. ಗೆಜೆಟೆಡ್ ಅಧಿಕಾರಿ ಇಲ್ಲವೆ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಶೋಧ ನಡೆಯಲೆಂದು ಕೇಳುವ ಹಕ್ಕನ್ನು 50ನೆಯ ವಿಧಿ ಪ್ರಯಾಣಿಕನಿಗೆ ಕೊಟ್ಟಿದೆ. ಆ ಹಕ್ಕನ್ನು ತಿಳಿಸದೆ ಜೇಬಿನಿಂದ ತೆಗೆದ ಪದಾರ್ಥವನ್ನು ನಂಬಿ ಶಿಕ್ಷೆ ವಿಧಿಸಲಾಗದೆಂದು ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪಿತ್ತಿತು.

ಆದರೆ ಕೈಚೀಲವು ಮೈಯಲ್ಲವೆಂದು ಅದೇ ನ್ಯಾಯಾಲಯ 2005ರಲ್ಲಿ ಹೇಳಿತು. ಗಾಡಿಯ ಡಿಕ್ಕಿಗೂ ಆ ರಕ್ಷಣೆಯಿಲ್ಲ. ಅಮೆರಿಕದಲ್ಲಿ 1961ರ ತೀರ್ಪಿನ ತರುವಾಯ ರಾಜ್ಯಗಳ ನ್ಯಾಯಾಲಯಗಳೂ ಅಕ್ರಮ ಶೋಧದ ಸಾಕ್ಷ್ಯವನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ನಮ್ಮಲ್ಲಿ ಹಾಗಲ್ಲ, ಶೋಧ ಕ್ರಮತಪ್ಪಿದರೂ ಸಿಕ್ಕಿದ ವಸ್ತು ಸಾಮಾನ್ಯವಾಗಿ ಸಾಕ್ಷ್ಯವಾಗಿಯೇ ಉಳಿಯುವುದೆಂದು 1973ರಲ್ಲಿಯೇ ನಿರ್ಣಯವಾಗಿದೆ.

ಹಾಗಾದರೆ ಸಾಮಾನ್ಯನಿಗೆ ಆಸರೆ ಯಾವುದು? ದಾಖಲೆಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ವಿಧಿ, ಸ್ಥಳದ ಶೋಧವನ್ನು ಚಿತ್ರ ಧ್ವನಿಗಳ ಸಹಿತ ದಾಖಲಿಸಬೇಕೆನ್ನುತ್ತದೆ. ಆ ಸಂಹಿತೆಯಲ್ಲಿ 'ಸ್ಥಳ'ವೆಂಬ ಮಾತಿಗೆ ವಾಹನವೂ ಸೇರಿದೆ. ಕಳ್ಳಸಾಗಣೆಯವನನ್ನು ಹಿಡಿಯುವುದು ಪೋಲೀಸರ ಕರ್ತವ್ಯ. ಹಿಡಿದ ಬಗೆಯನ್ನು ತೋರಿಸಿಕೊಡುವುದೂ ಅದರ ಭಾಗವೇ. ಗಾಡಿ ನಿಲ್ಲಿಸಿದವರೊಡನೆ ಜಗಳ ಕಾಯುವುದಕ್ಕಿಂತ, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಓದಿ ನೋಡಿ, ಅದರ ಪ್ರತಿಯನ್ನು ಕೇಳಿ ಪಡೆಯುವುದು ಲೇಸು.