ಅರ್ಜಿ ಸಂಖ್ಯೆಯಿಂದ ದಾಹ ತಣಿಯುವುದೇ?

ನೀರಿಗಾಗಿ ಸರಕಾರಿ ಕಚೇರಿಯ ಮುಂದೆ ದಿನಗಟ್ಟಲೆ ಕಾಯುವ ಬದಲು ಕಂಪ್ಯೂಟರಿನ ಮೂಲಕ ಅರ್ಜಿ ಸಲ್ಲಿಸಿ, ಅದು ಎಲ್ಲಿಗೆ ತಲುಪಿದೆಯೆಂದು ಮನೆಯಲ್ಲೇ ಕುಳಿತು ತಿಳಿಯುವ ವ್ಯವಸ್ಥೆಯನ್ನು ಯಾರೂ ವಿರೋಧಿಸಲಾರರು. ಲಂಚದ ಬಾಗಿಲು ಮುಚ್ಚಬೇಕು, ದಲ್ಲಾಳಿಗಳ ಹಂಗು ತಪ್ಪಬೇಕು ಎಂಬುದು ಜನರ ಬಹುಕಾಲದ ಬೇಡಿಕೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಜನಸಾಮಾನ್ಯರ ಸ್ಥಿತಿಯನ್ನು ಕಂಡಾಗ ಒಂದು ಪ್ರಶ್ನೆ ಉದ್ಭವಿಸುತ್ತದೆ. ಅರ್ಜಿಯ ದಾರಿ ಸುಗಮವಾಗಿದೆ, ಸರಿ. ನೀರಿನ ದಾರಿ ಸುಗಮವಾಗಿದೆಯೇ?

ಈ ಭಾಗದ ನೆಲದ ಗುಣವೇ ಬೇರೆ. ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿಗಳ ಅಡಿಯಲ್ಲಿರುವುದು ಸುಣ್ಣದ ಕಲ್ಲು. ಈ ಕಲ್ಲೇ ವಾಡಿಗೆ ಸಿಮೆಂಟ್ ಕಾರ್ಖಾನೆಯನ್ನು ತಂದಿತು, ಶಹಾಬಾದಿಗೆ ದೇಶದಾದ್ಯಂತ ಹೆಸರು ತಂದಿತು. ಆದರೆ ಈ ಕಲ್ಲಿನಲ್ಲಿ ನೀರು ಬಿರುಕುಗಳಲ್ಲಿ ಮಾತ್ರ ಹರಿಯುತ್ತದೆ. ಒಬ್ಬನ ಹೊಲದಲ್ಲಿ ನೀರು ಚಿಮ್ಮಿದರೆ ಪಕ್ಕದ ಹೊಲದಲ್ಲಿ ಬರೀ ಧೂಳು ಏಳುತ್ತದೆ. ಕಾಗಿಣಾ, ಮುಲ್ಲಾಮಾರಿ ನದಿಗಳು ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಸೊರಗುತ್ತವೆ. ಇಂತಹ ಕಡೆ ಒಂದು ಕೊಳವೆ ಬಾವಿಗೆ, ಒಂದು ನಲ್ಲಿಗೆ ಸಿಗುವ ಅನುಮತಿ ಒಂದು ಕುಟುಂಬದ ಅನ್ನದ ಪ್ರಶ್ನೆಯಾಗಿದೆ.

ಕಾನೂನುಗಳಿಗೆ ಕೊರತೆಯಿಲ್ಲ. 1999ರ ರಾಜ್ಯ ಕಾಯಿದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯನ್ನು ಕಡ್ಡಾಯಗೊಳಿಸಿತು. ಅದೇ 2011ರಲ್ಲಿ ಬಂದು 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಾದ 'ಸಕಾಲ' ಕಾಯಿದೆಯು ನಿಗದಿತ ಅವಧಿಯಲ್ಲಿ ಸೇವೆ ಪಡೆಯುವುದನ್ನು ನಾಗರಿಕರ ಹಕ್ಕನ್ನಾಗಿ ಮಾಡಿತು. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಅವಕಾಶವನ್ನೂ ಅದು ನೀಡಿತು. ಬಳಿಕ 'ಸೇವಾ ಸಿಂಧು' ಬಂತು, ಪಟ್ಟಣಗಳ ನೀರಿನ ಜೋಡಣೆಗೆ 'ಜಲನಿಧಿ' ಬಂತು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ವಾಸ್ತವವೇನು? ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಗಂಗಾ ಕಲ್ಯಾಣ ಯೋಜನೆಯನ್ನೇ ನೋಡೋಣ. ಸಣ್ಣ ಮತ್ತು ಅತಿ ಸಣ್ಣ ರೈತನ ಹೊಲಕ್ಕೆ ಕೊಳವೆ ಬಾವಿ ಕೊರೆದು, ಪಂಪ್‌ಸೆಟ್ ಅಳವಡಿಸಿ, ವಿದ್ಯುತ್ ಕೊಡಿಸುವುದು ಇದರ ಗುರಿ. ಆದರೆ ಪಹಣಿ ಕಂದಾಯ ಇಲಾಖೆಯದ್ದು, ಆಯ್ಕೆ ನಿಗಮದ್ದು, ವಿದ್ಯುತ್ ಜೆಸ್ಕಾಂನದ್ದು. ಒಂದು ಕಚೇರಿಯ ಪರದೆಯ ಮೇಲೆ 'ಪೂರ್ಣಗೊಂಡಿದೆ' ಎಂದು ಕಾಣುವ ಕೆಲಸವು ರೈತನ ಪಾಲಿಗೆ ಅರ್ಧದಲ್ಲೇ ನಿಂತಿರುತ್ತದೆ. ವಿದ್ಯುತ್ ಇಲ್ಲದ ಕೊಳವೆ ಬಾವಿಯಿಂದ ಯಾರ ಬೆಳೆ ಹಸಿರಾದೀತು?

ನಮ್ಮ ಸಮುದಾಯವನ್ನು ವಿಶೇಷವಾಗಿ ಕಾಡುವ ಇನ್ನೊಂದು ತೊಡಕಿದೆ. ಅದು ಹೆಸರಿನದ್ದು. ಈ ಪ್ರದೇಶ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತ ಭಾಷೆ ಉರ್ದುವಾಗಿತ್ತು. ಉರ್ದುವಿನ ಹೆಸರು ಕನ್ನಡಕ್ಕೆ, ಅಲ್ಲಿಂದ ಇಂಗ್ಲಿಷಿಗೆ ದಾಟುವಾಗ ರೂಪ ಬದಲಿಸುತ್ತದೆ. ಪಹಣಿಯಲ್ಲಿ 'ಮಹಿಬೂಬಸಾಬ' ಆಗಿರುವಾತ ಆಧಾರ್‌ನಲ್ಲಿ 'ಮಹಬೂಬ್ ಅಲಿ' ಆಗಿರುತ್ತಾನೆ. ಊರಿನ ತಲಾಟಿಗೆ ಇಬ್ಬರೂ ಒಬ್ಬರೇ ಎಂಬುದು ಗೊತ್ತಿತ್ತು. ಯಂತ್ರಕ್ಕೆ ಅದು ಗೊತ್ತಿಲ್ಲ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅರ್ಜಿ ಹಿಂದಿರುಗಿದರೆ ಬಡವನು ನೋಟರಿ, ಅಫಿಡವಿಟ್, ತಿದ್ದುಪಡಿ ಎಂದು ಕೂಲಿ ಬಿಟ್ಟು ಅಲೆಯಬೇಕಾಗುತ್ತದೆ.

ಇದಕ್ಕಿಂತಲೂ ಗಂಭೀರವಾದದ್ದು ವಿಧವೆಯರ ಸಮಸ್ಯೆ. ಗಂಡ ತೀರಿಕೊಂಡು ವರ್ಷಗಳು ಕಳೆದರೂ ಫೌತಿ ಖಾತೆ ಆಗಿರುವುದಿಲ್ಲ. ಜಮೀನು ಇನ್ನೂ ಮಾವನ ಅಥವಾ ಮೈದುನನ ಹೆಸರಿನಲ್ಲಿದ್ದರೆ ಆಕೆ ಅರ್ಜಿ ಹಾಕುವುದಾದರೂ ಹೇಗೆ? ಇದಕ್ಕೆ ಸರಕಾರವನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ವಾರಸು ಪಾಲನ್ನು ಸ್ಪಷ್ಟವಾಗಿ ನಿಗದಿಪಡಿಸಿದ ಧರ್ಮದ ಅನುಯಾಯಿಗಳೇ ಸಹೋದರಿಯರ, ವಿಧವೆಯರ ಪಾಲನ್ನು ದಾಖಲೆಗೆ ಏರಿಸಲು ಹಿಂಜರಿಯುತ್ತಿದ್ದರೆ ಯಾವ ತಂತ್ರಾಂಶ ತಾನೇ ಅವರ ನೆರವಿಗೆ ಬಂದೀತು?

ಇನ್ನು ದೊಡ್ಡವರ ವಿಷಯ. ಬೃಹತ್ ಕಾರ್ಖಾನೆ ಮತ್ತು ಗಣಿಗಳಿಗೆ ಪರಿಸರ ಅನುಮತಿ ನೀಡುವಾಗ ನೀರಿನ ಬಳಕೆಯ ಬಗ್ಗೆಯೂ ಷರತ್ತುಗಳಿರುತ್ತವೆ. 2018ರಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಪರಿವೇಶ್' ಜಾಲತಾಣದಲ್ಲಿ ಈ ಅನುಮತಿ ಪತ್ರಗಳು ಸಿಗುತ್ತವೆ. ಷರತ್ತುಗಳ ಪಾಲನೆಯ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕೆಂಬ ನಿಯಮವೂ ಇದೆ. ವಿಪರ್ಯಾಸವೆಂದರೆ ಇವೆಲ್ಲ ಇಂಗ್ಲಿಷಿನಲ್ಲಿವೆ. ಕಲ್ಲು ಗಣಿಯ ಧೂಳಿನಲ್ಲಿ ದುಡಿಯುವ ಕಾರ್ಮಿಕ ತನ್ನ ನಲ್ಲಿಯ ಅರ್ಜಿಯ ಸ್ಥಿತಿಯನ್ನು ಮೊಬೈಲಿನಲ್ಲಿ ನೋಡಬಲ್ಲ. ಆದರೆ ತನ್ನ ಊರಿನ ನೀರಿನಲ್ಲಿ ಯಾರಿಗೆ ಎಷ್ಟು ಪಾಲು ಮಂಜೂರಾಗಿದೆ ಎಂಬುದನ್ನು ಓದಲಾರ. ತನ್ನ ಅರ್ಜಿಯನ್ನು ಮಾತ್ರ ತೋರಿಸಿ ಇತರರ ಪಾಲನ್ನು ಮರೆಯಲ್ಲಿಡುವುದು ಎಂತಹ ಪಾರದರ್ಶಕತೆ?

ಅಷ್ಟಕ್ಕೂ ಪರಿಹಾರ ದೂರವಿಲ್ಲ. 2000ದ ಸುಮಾರಿಗೆ ನಮ್ಮ ರಾಜ್ಯದ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೆ ಮಾದರಿಯಾಯಿತು. ಮೊದಲು ಬಂದ ಖಾತಾ ಬದಲಾವಣೆಯ ಅರ್ಜಿಯನ್ನೇ ಮೊದಲು ಕೈಗೆತ್ತಿಕೊಳ್ಳಬೇಕು, ನಡುವೆ ಯಾರನ್ನೂ ತೂರಿಸಬಾರದು ಎಂಬ ಕಟ್ಟುಪಾಡು ಅದರ ಜೀವಾಳವಾಗಿತ್ತು. ನೀರಿನ ಅರ್ಜಿಗಳಿಗೂ ಇದೇ ನಿಯಮ ಇರಲಿ ಮತ್ತು ಆ ಸರದಿಯ ಪಟ್ಟಿ ಪ್ರತಿ ಪುರಸಭೆ, ಗ್ರಾಮ ಪಂಚಾಯತಿಯ ಫಲಕದಲ್ಲಿ ಕನ್ನಡದಲ್ಲಿ ಪ್ರಕಟವಾಗಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನೂ ಮೇಲ್ಮನವಿಯ ದಾರಿಯನ್ನೂ ಬರೆದು ತಿಳಿಸಲಿ. ಹೆಸರಿನ ವ್ಯತ್ಯಾಸಕ್ಕೆ ಸ್ಥಳೀಯ ವಿಚಾರಣೆಯ ಮೂಲಕ ಒಮ್ಮೆ ಪಡೆದ ದೃಢೀಕರಣವನ್ನು ಎಲ್ಲ ಇಲಾಖೆಗಳೂ ಒಪ್ಪಲಿ. ಕೈಗಾರಿಕೆಗಳಿಗೆ ಮಂಜೂರಾದ ನೀರಿನ ಪ್ರಮಾಣವೂ ಅದೇ ಫಲಕದಲ್ಲಿರಲಿ. 371ಜೆ ವಿಧಿಯ ವಿಶೇಷ ಸ್ಥಾನಮಾನ ಪಡೆದ ಈ ಪ್ರದೇಶದ ಜನಪ್ರತಿನಿಧಿಗಳಿಗೆ ಇಷ್ಟನ್ನು ಕೇಳಿ ಪಡೆಯುವುದು ಅಸಾಧ್ಯವೇನಲ್ಲ.

ಸರಕಾರ ಮಾಡುವವರೆಗೆ ಕೈಕಟ್ಟಿ ಕೂರುವುದೂ ಸಲ್ಲದು. ಪ್ರತಿ ಜಮಾಅತ್ ಪದವಿ ಕಲಿತ ಇಬ್ಬರು ಯುವಕರನ್ನೋ ಯುವತಿಯರನ್ನೋ ಈ ಸೇವೆಗೆ ನೇಮಿಸಲಿ. ಜುಮಾ ದಿನ ನಮಾಝಿನ ಬಳಿಕ ಒಂದು ಗಂಟೆ, ಧರ್ಮಭೇದವಿಲ್ಲದೆ, ಯಾರು ಬಂದರೂ ಅರ್ಜಿ ತುಂಬಿಕೊಡಲಿ. ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಲು, ಅವಧಿ ಮೀರಿದರೆ ಸಕಾಲದಡಿ ಮೇಲ್ಮನವಿ ಸಲ್ಲಿಸಲು, ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪ್ರಶ್ನಿಸಲು ಕಲಿಸಲಿ. ಜೊತೆಗೆ ಹಣವಿದೆಯೆಂದು ಅನುಮತಿಯಿಲ್ಲದೆ ಕೊಳವೆ ಬಾವಿ ಕೊರೆದು ನೆರೆಯವನ ಬಾವಿಯನ್ನು ಬತ್ತಿಸುವವರಿಗೂ ಅದೇ ಮಸೀದಿಯ ಮಿಂಬರಿನಿಂದ ಎಚ್ಚರಿಕೆ ದೊರೆಯಲಿ. ಹರಿಯುವ ನದಿಯ ದಡದಲ್ಲಿದ್ದರೂ ವುಝೂಗೆ ನೀರನ್ನು ಪೋಲು ಮಾಡಬಾರದೆಂದು ಕಲಿತವರು ನಾವು. ಬತ್ತಿದ ನೆಲದಲ್ಲಿ ಆ ಪಾಠವನ್ನು ಮರೆಯಬಹುದೇ?

ನೀರು ಯಾರ ಭಿಕ್ಷೆಯೂ ಅಲ್ಲ. ಅರ್ಜಿ ಸಂಖ್ಯೆಯನ್ನು ಕೈಗಿಟ್ಟ ಮಾತ್ರಕ್ಕೆ ಸರಕಾರದ ಹೊಣೆ ಮುಗಿಯುವುದಿಲ್ಲ, ಅದನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನಾದರೆ ನಮ್ಮ ಹೊಣೆಯೂ ಮುಗಿಯುವುದಿಲ್ಲ.